ಪೊವಿಸ್ ಕ್ಯಾಸಲ್: ಕೋಟೆಯೋ, ಮನೆಯೋ?

ಪ್ರಶ್ನೆ: ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಈ ಸಲ ಹೋದಾಗ ವೇಲ್ಸ್‌ನ ಪೊವಿಸ್ ಕ್ಯಾಸಲ್‌ಗೆ ಕರೆದುಕೊಂಡು ಹೋಗಿದ್ದಳು. ಟಿಪ್ಪುವಿನ ಸಿಂಹಾಸನದ ಹುಲಿತಲೆ ಅಲ್ಲಿದೆ ಅನ್ನುವುದಷ್ಟೇ ನಮಗೆ ಗೊತ್ತಿತ್ತು. ಆದರೆ ಕಟ್ಟಡ ನೋಡಿದ ಮೇಲೆ ತಲೆಯಲ್ಲಿ ಅದೇ ಕೂತಿದೆ. ಹೊರಗೆ ಕೋಟೆ, ಒಳಗೆ ಅರಮನೆ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಅಲ್ಲಿನವರು 'ಕಂಟ್ರಿ ಹೌಸ್' ಅಂದರು. ಅದು ಕೋಟೆಯೋ, ಮನೆಯೋ? ಯಾವ ಭಾಗ ಯಾವ ಕಾಲದ್ದು ಅಂತ ನಮ್ಮಂಥವರು ನೋಡಿ ತಿಳಿಯುವುದು ಹೇಗೆ? ಟಿಪ್ಪುವಿನ ವಸ್ತುಗಳಿರುವ ಭಾಗ ಯಾವಾಗ ಕಟ್ಟಿದ್ದು?
— ಮೈಸೂರಿನ ಓದುಗರೊಬ್ಬರು

ಉತ್ತರ: ಅದು ಕೋಟೆಯ ಗೋಡೆಗಳೊಳಗೆ ಜಾಗ ಮಾಡಿಕೊಂಡು ಕೂತ ಮನೆ. ಕೋಟೆ ಕೆಡವಿ ಮನೆ ಕಟ್ಟಲಿಲ್ಲ. ಕೋಟೆಯ ಪಕ್ಕದಲ್ಲೂ ಕಟ್ಟಲಿಲ್ಲ. ಅದೇ ದಪ್ಪ ಗೋಡೆಗಳ ನಡುವೆ ಒಂದಾದ ಮೇಲೊಂದು ತಲೆಮಾರು ತನ್ನ ಕಾಲದ ಮನೆಯನ್ನು ತುಂಬುತ್ತಾ ಬಂತು. ನಿಮಗೆ ಆದ ಗೊಂದಲ ಕಟ್ಟಡದಲ್ಲೇ ಇದೆ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ.

ನಾನು ಹಳೆ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು. ಪೊವಿಸ್ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಮಾತು ಒಂದೇ. ಅಲ್ಲಿನ ಕಲ್ಲು ಯಾರಿಗೂ ಬಗ್ಗಲಿಲ್ಲ. ಹಾಗಾಗಿ ಕಲ್ಲು ಕೊಡದೆ ಇದ್ದದ್ದನ್ನು ಗಾರೆಯಿಂದ, ಮರದಿಂದ, ಬಣ್ಣದಿಂದ ಪಡೆದುಕೊಂಡರು. ಅದೂ ಸಾಲದಾದಾಗ ಹೊರಗೆ ಹೋಗಿ ಗುಡ್ಡವನ್ನೇ ಕಡಿದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಡೀ ಮನೆ ಅರ್ಥವಾಗುತ್ತದೆ.

ಮೊದಲು ಗೋಡೆ. ವೆಲ್ಷ್‌ಪೂಲ್ ಊರಿನ ಪಕ್ಕದಲ್ಲಿ ಒಂದು ಬಂಡೆಯ ಏಣು ಇದೆ. ಕೋಟೆ ಕೂತಿರುವುದು ಅದರ ಮೇಲೆ. ಗೋಡೆಯ ಕಲ್ಲೂ ಆ ಕಡೆಯದೇ, ಕೆಂಪು. ವೆಲ್ಷ್ ಭಾಷೆಯಲ್ಲಿ ಇದಕ್ಕೆ 'ಅ ಕಾಸ್ಟೆಲ್ ಕೋಖ್' ಅಂತಾರೆ. ಕೆಂಪು ಕೋಟೆ ಅಂತ ಅರ್ಥ. ದಕ್ಷಿಣದಲ್ಲಿ ಕಾರ್ಡಿಫ್ ಹತ್ತಿರ ಇದೇ ಹೆಸರಿನ ಇನ್ನೊಂದಿದೆ. ಅದು ಹಳೆ ಪಾಳಿನ ಮೇಲೆ 19ನೇ ಶತಮಾನದಲ್ಲಿ ವಿಲಿಯಂ ಬರ್ಜಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎರಡರ ಫೋಟೋಗಳೂ ಬೆರೆತು ಬರುತ್ತವೆ, ನೋಡಿಕೊಳ್ಳಿ.

ವೇಲ್ಸ್‌ನ ಕೋಟೆ ಅಂದಾಗ ಜಾಸ್ತಿ ಜನಕ್ಕೆ ನೆನಪಾಗುವುದು ಕಾನ್‌ವಿ, ಕರ್ನಾರ್ವನ್. ಅವನ್ನು ಕಟ್ಟಿಸಿದ್ದು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್, ವೇಲ್ಸನ್ನು ಗೆದ್ದು ಹಿಡಿಯಲಿಕ್ಕೆ. ಪೊವಿಸ್ ಹಾಗಲ್ಲ. ಇದು ವೆಲ್ಷ್ ಅರಸು ಮನೆತನದವರದ್ದೇ ಕೋಟೆ. ಗ್ರಿಫಿದ್ ಅಪ್ ಗ್ವೆನ್‌ವಿನ್‌ವಿನ್ ಎಂಬ ಪೊವಿಸ್ ಸೀಮೆಯ ಅರಸನದ್ದು. ಅವನು ಇಂಗ್ಲೆಂಡಿನ ದೊರೆಯ ಕಡೆ ವಾಲಿದ್ದವನು. ಉತ್ತರದ ಅರಸ ಲೆವೆಲಿನ್ 1270ರ ದಶಕದಲ್ಲಿ ಅವನನ್ನು ಓಡಿಸಿ, ಕೋಟೆಯನ್ನು ಕೆಡವಿದ. ಎಡ್ವರ್ಡ್ ಗೆದ್ದ ಮೇಲೆ ಗ್ರಿಫಿದ್ ವಾಪಸ್ ಬಂದ, ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಇಂದು ನೀವು ನೋಡುವ ದಪ್ಪ ಗೋಡೆ, ಪಡುವಣ ಬಾಗಿಲಿನ ಅಕ್ಕಪಕ್ಕದ ಎರಡು ಉರುಟು ಬುರುಜು, ಇವೆಲ್ಲ ಸುಮಾರು ಆ ಕಾಲದವು. ಅಂದರೆ 13ನೇ ಶತಮಾನದ ಕೊನೆ, 14ನೇ ಶತಮಾನದ ಆರಂಭ.

ಕಾನ್‌ವಿಗೆ ಇಂದು ಮಾಡೇ ಇಲ್ಲ. ಒಳಗೆ ನಿಂತರೆ ಆಕಾಶ ಕಾಣುತ್ತದೆ. ಪೊವಿಸ್‌ನಲ್ಲಿ ನೀವು ಕಾರ್ಪೆಟ್ ಪಕ್ಕ ಕಾಲಿಟ್ಟು ನಡೆದಿರಿ. ವ್ಯತ್ಯಾಸ ಇಷ್ಟೇ: ಪೊವಿಸ್‌ನಲ್ಲಿ ಜನ ವಾಸವನ್ನು ಪೂರ್ತಿ ಬಿಡಲಿಲ್ಲ. ಮನುಷ್ಯರಿರುವ ಮನೆಯಲ್ಲಿ ಮಾಡು ಸೋರಿದರೆ ಯಾರಾದರೂ ಏಣಿ ಹಾಕುತ್ತಾರೆ. ಜನ ಬಿಟ್ಟು ಹೋದ ಮನೆ ಕೆಲವೇ ಮಳೆಗಾಲದಲ್ಲಿ ಕುಸಿಯುತ್ತದೆ. ಇದಕ್ಕೆ ಯಾವ ದೇಶವೂ ಹೊರತಲ್ಲ.

'ಕಂಟ್ರಿ ಹೌಸ್' ಅಂದರೆ ಹಳ್ಳಿಮನೆ ಅಂತ ತಿಳಿಯಬೇಡಿ. ಅದು ಒಂದು ಜಮೀನ್ದಾರಿಯ ನಡುಮನೆ. ಸುತ್ತಲಿನ ಸಾವಿರಾರು ಎಕರೆಯ ಗೇಣಿ ಬರುವುದು ಅಲ್ಲಿಗೆ, ನ್ಯಾಯ ನಡೆಯುವುದು ಅಲ್ಲಿ, ದೊಡ್ಡವರು ಬಂದರೆ ಇಳಿಯುವುದೂ ಅಲ್ಲಿ. ನಮ್ಮ ಉತ್ತರ ಕರ್ನಾಟಕದವರಿಗೆ 'ವಾಡೆ' ಅಂದರೆ ತಕ್ಷಣ ಗೊತ್ತಾಗುತ್ತದೆ. ಯುದ್ಧದ ಕಾಲ ಮುಗಿದ ಮೇಲೆ ಇಂಥ ಮನೆಯ ಕೆಲಸ ರಕ್ಷಣೆ ಅಲ್ಲ, ತೋರಿಕೆ. ಬೆಳಕು ಬೇಕು, ಉದ್ದನೆಯ ಕೋಣೆ ಬೇಕು, ಮೆಟ್ಟಿಲು ಹತ್ತುವಾಗಲೇ ಬಂದವರು ಬೆರಗಾಗಬೇಕು. ಕೋಟೆಗೆ ಬೇಕಾದದ್ದು ಇದರ ತದ್ವಿರುದ್ಧ. ಕಿಟಕಿ ಕಡಿಮೆ ಇರಬೇಕು, ದಾರಿ ಇಕ್ಕಟ್ಟಾಗಿರಬೇಕು. ಪೊವಿಸ್‌ನ 400 ವರ್ಷದ ಕಟ್ಟಡ ಕೆಲಸವೆಲ್ಲ ಈ ಎರಡರ ಜಗ್ಗಾಟ.

ಜಗ್ಗಾಟ ಶುರುವಾದದ್ದು 1587ರಲ್ಲಿ. ಆ ವರ್ಷ ಸರ್ ಎಡ್ವರ್ಡ್ ಹರ್ಬರ್ಟ್ ಇದನ್ನು ಕೊಂಡ. ಪೆಂಬ್ರೋಕ್‌ನ ಮೊದಲ ಅರ್ಲ್‌ನ ಎರಡನೇ ಮಗ ಅವನು. ಅರ್ಲ್ ಅಂದರೆ ಅಲ್ಲಿನ ದೊಡ್ಡ ಸರದಾರ ಪದವಿ. ಬ್ಯಾರನ್ ಅದಕ್ಕಿಂತ ಕೆಳಗಿನದು, ಮಾರ್ಕ್ವಿಸ್ ಮೇಲಿನದು. ಅವನು ಮಾಡಿಸಿದ್ದರಲ್ಲಿ ಇವತ್ತಿಗೂ ಚೆನ್ನಾಗಿ ಉಳಿದಿರುವುದು 'ಲಾಂಗ್ ಗ್ಯಾಲರಿ'. 1593ರ ಹೊತ್ತಿಗೆ ಅದರ ಗಾರೆ ಕೆಲಸ ಮುಗಿದಿತ್ತು. ಆಗಿನ ಕಾಲದ ದೊಡ್ಡ ಮನೆಗೆ ಇಂಥದ್ದೊಂದು ಉದ್ದ ಕೋಣೆ ಇರಲೇಬೇಕಿತ್ತು. ಮಳೆ ಬಂದಾಗ ಅಡ್ಡಾಡಲಿಕ್ಕೆ, ಮನೆತನದ ಚಿತ್ರ ತೂಗುಹಾಕಲಿಕ್ಕೆ, ಬಂದವರೊಡನೆ ಮಾತಾಡುತ್ತಾ ನಡೆಯಲಿಕ್ಕೆ.

ಈ ಕೋಣೆಯ ಆಕಾರ ನೆನಪಿದೆಯಾ? ಬೇರೆ ಮನೆಗಳಲ್ಲಿ ಲಾಂಗ್ ಗ್ಯಾಲರಿ ಸಾಮಾನ್ಯವಾಗಿ ನೇರ ಕೊಳವೆಯ ಹಾಗೆ ಇರುತ್ತದೆ. ಇಲ್ಲಿ ಅದು ಇಂಗ್ಲಿಷಿನ 'ಟೀ' ಅಕ್ಷರದ ಹಾಗೆ ಒಂದು ತುದಿಯಲ್ಲಿ ಎರಡೂ ಕಡೆಗೆ ಕೈ ಚಾಚುತ್ತದೆ. ಹಳೆ ಕೋಟೆಯೊಳಗೆ ಹೊಸ ಕೋಣೆ ಮಾಡುವವನಿಗೆ ನೇರ ಗೆರೆ ಎಳೆಯುವ ಸ್ವಾತಂತ್ರ್ಯ ಇರುವುದಿಲ್ಲ. ಎಲ್ಲಿ ಜಾಗ ಸಿಗುತ್ತದೋ ಅಲ್ಲಿಗೆ ಕೋಣೆ ಹರಿಯುತ್ತದೆ. ತಲೆಯೆತ್ತಿ ನೋಡಿದರೆ ಗಾರೆಯಲ್ಲಿ ಮಾಡಿದ ಚಾವಣಿ. ಗೋಡೆಯ ಮೇಲಂಚಿನಲ್ಲಿ ಹರ್ಬರ್ಟ್ ಮನೆತನದ ವಂಶಾವಳಿಯ ಲಾಂಛನಗಳು. ಕೋಟೆಯನ್ನು ದುಡ್ಡು ಕೊಟ್ಟು ಕೊಂಡವನು ತನ್ನ ಕುಲದ ಗುರುತನ್ನು ಮೊದಲು ಅಲ್ಲಿ ಬರೆಸಿದ.

ಈಗ ಅದೇ ಗ್ಯಾಲರಿಯ ಗೋಡೆಯ ಕೆಳಭಾಗ. ನನಗೆ ಪೊವಿಸ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ದೂರದಿಂದ ನೋಡಿದರೆ ಗೋಡೆಗೆಲ್ಲ ಕೆತ್ತಿದ ಮರದ ಹಲಗೆ ಹೊದಿಸಿದ ಹಾಗೆ ಕಾಣುತ್ತದೆ. ಚೌಕಟ್ಟು, ಅದರೊಳಗೆ ಇನ್ನೊಂದು ಚೌಕಟ್ಟು, ಅಂಚಿನಲ್ಲಿ ನೆರಳು. ಹತ್ತಿರ ಹೋಗಿ ನೋಡಬೇಕು. ಉಬ್ಬು ತಗ್ಗು ಅಂತ ಅನ್ನಿಸಿದ್ದೆಲ್ಲ ಬರೀ ಬಣ್ಣ. ಆ ನೆರಳೂ ಕುಂಚದ್ದೇ. ಯಾವ ಕಡೆಯಿಂದ ಬೆಳಕು ಬೀಳುತ್ತದೆ ಅಂತ ಲೆಕ್ಕ ಹಾಕಿ, ಪ್ರತಿ ಚೌಕಟ್ಟಿನ ಒಂದು ಬದಿಗೆ ಕಪ್ಪು, ಎದುರು ಬದಿಗೆ ತಿಳಿ ಬಣ್ಣ ಎಳೆದಿದ್ದಾರೆ. ಇದು 17ನೇ ಶತಮಾನದ ಕೆಲಸ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಎರಡು ಹೆಜ್ಜೆ ಹಿಂದೆ ಹೋದರೆ ಮತ್ತೆ ಕೆತ್ತನೆ, ಎರಡು ಹೆಜ್ಜೆ ಮುಂದೆ ಬಂದರೆ ಮತ್ತೆ ಬಣ್ಣ. ಆ ಕೆಲಸಗಾರನ ಹೆಸರು ನಮಗೆ ಸಿಗದಿದ್ದರೂ ಅವನ ಕೈ ಎದುರಿಗೇ ಇದೆ. ನಿಮ್ಮ ಮಗಳು ಮತ್ತೆ ಹೋದರೆ ಈ ಗೋಡೆಗೆ ಹತ್ತು ನಿಮಿಷ ಕೊಡಲು ಹೇಳಿ.

ಕಾಲ ಗುರುತಿಸುವುದು ಹೇಗೆ ಅಂತ ಕೇಳಿದಿರಲ್ಲ, ಅದಕ್ಕೆ ಸುಲಭದ ಉಪಾಯ ಕಿಟಕಿ. ಕಿಟಕಿಯ ಗಾಜು, ಚೌಕಟ್ಟು ನೋಡಬೇಡಿ, ಅವು ಬದಲಾಗುತ್ತವೆ. ಆಳ ನೋಡಿ. ಒಳಗೆ ಒಂದು ಕುರ್ಚಿ ಹಾಕಿ ಕೂರುವಷ್ಟು ಆಳ ಇದ್ದರೆ ನೀವು ಹಳೆ ಕೋಟೆಯ ಗೋಡೆಯಲ್ಲಿ ನಿಂತಿದ್ದೀರಿ ಅಂತ ಲೆಕ್ಕ. ಗೋಡೆ ಇದ್ದಕ್ಕಿದ್ದಂತೆ ತೆಳ್ಳಗಾದರೆ ಅದು ಆಮೇಲೆ ಸೇರಿಸಿದ್ದು. ಹೊರಗಿನಿಂದಲೂ ಇದು ಗೊತ್ತಾಗುತ್ತದೆ. ಬುರುಜಿನ ಮೇಲೆ ದೊಡ್ಡ ಕಿಟಕಿ ಕಂಡರೆ, ಅದು ಬುರುಜಿನ ಜೊತೆ ಹುಟ್ಟಿದ್ದಲ್ಲ. ಯಾರೋ ನಂತರ ಕೊರೆದದ್ದು. ಶತ್ರು ಬರುವ ಕಾಲದಲ್ಲಿ ಯಾರೂ ಬುರುಜಿಗೆ ಅಷ್ಟು ದೊಡ್ಡ ತೂತು ಮಾಡುವುದಿಲ್ಲ ಅಲ್ವಾ?

ಆದರೆ ಶತ್ರು ಇನ್ನೊಂದು ಸಲ ಬಂದ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಹರ್ಬರ್ಟರು ರಾಜನ ಕಡೆ. 1644ರ ಅಕ್ಟೋಬರ್‌ನಲ್ಲಿ ಪಾರ್ಲಿಮೆಂಟ್ ಪಕ್ಷದ ಸರ್ ಥಾಮಸ್ ಮಿಡ್ಲ್‌ಟನ್ ರಾತ್ರಿ ಹೊತ್ತು ಮುತ್ತಿಗೆ ಹಾಕಿ, ಮದ್ದು ಇಟ್ಟು ಬಾಗಿಲು ಒಡೆದು ಹಿಡಿದ. ಇವನ ಸ್ವಂತ ಮನೆ ಯಾವುದು ಗೊತ್ತಾ? ಉತ್ತರದ ಚರ್ಕ್ ಕ್ಯಾಸಲ್. ಅದೂ 13ನೇ ಶತಮಾನದ ಕೊನೆಗೆ ಶುರುವಾದ ಕೋಟೆ, ಅದೂ ಮನೆಯಾಗಿ ಬದಲಾದದ್ದು, ಅದೂ ಇವತ್ತಿಗೂ ನಿಂತಿದೆ. ಆಗ ಚರ್ಕ್ ರಾಜನ ಕಡೆಯವರ ಕೈಯಲ್ಲಿತ್ತು. ಪೊವಿಸ್‌ನಿಂದ ಕೆಲವೇ ಮೈಲಿ ದೂರದ ಮಾಂಟ್‌ಗೋಮರಿ ಕೋಟೆಯನ್ನು 1649ರಲ್ಲಿ ಕೆಡವಿ ಹಾಕಿದರು. ಅದೂ ಹರ್ಬರ್ಟ್ ಬಳಗದವರದ್ದೇ. ಅಲ್ಲಿ ಈಗ ಕಾಣುವುದು ಮುರಿದ ಗೋಡೆ, ಹುಲ್ಲು. ಪೊವಿಸ್‌ನ ಗೋಡೆ ಮಾತ್ರ ಉಳಿಯಿತು.

ರಾಜ ಎರಡನೇ ಚಾರ್ಲ್ಸ್ ವಾಪಸ್ ಬಂದ ಮೇಲೆ ಹರ್ಬರ್ಟರ ದೆಸೆ ತಿರುಗಿತು. ಮೂರನೇ ಬ್ಯಾರನ್ ವಿಲಿಯಂ ಹರ್ಬರ್ಟ್ ಮುಂದೆ ಅರ್ಲ್ ಆದ, ಆಮೇಲೆ ಮಾರ್ಕ್ವಿಸ್ ಆದ. 1660ರ ದಶಕದಿಂದ ಅವನು ಒಳಗೆ ದೊಡ್ಡ ಕೆಲಸ ಹಿಡಿದ. ಇದರ ಹಿಂದೆ ವಿಲಿಯಂ ವಿಂಡ್ ಎಂಬ ವಾಸ್ತುಶಿಲ್ಪಿ ಇದ್ದ ಅಂತ ಹೇಳುತ್ತಾರೆ. ಆಗ ಆದದ್ದೇ 'ಸ್ಟೇಟ್ ಬೆಡ್‌ರೂಮ್'. ರಾಜ ಬಂದರೆ ತಂಗಲಿ ಅಂತ ಸಿದ್ಧ ಮಾಡಿದ ಕೋಣೆ. ಅಲಂಕಾರದಲ್ಲಿ ರಾಜನ ಹೆಸರಿನ ಅಕ್ಷರಗಳನ್ನು ಹೆಣೆದು ಕೂರಿಸಿದ್ದಾರೆ.

ಆ ಕೋಣೆಯಲ್ಲಿ ಹಾಸಿಗೆ ಒಂದು ಗೂಡಿನೊಳಗಿದೆ. ಅದರ ಮುಂದೆ ಮರದ ಗಿಡ್ಡ ಕಟಕಟೆ ಅಡ್ಡ ಇದೆ. ಇದು ಫ್ರಾನ್ಸಿನ ಅರಮನೆಯ ಪದ್ಧತಿ. ಅಲ್ಲಿ ರಾಜ ಏಳುವುದು, ಮಲಗುವುದು ಎಲ್ಲವೂ ದರ್ಬಾರಿನ ಹಾಗೆ ನಾಲ್ಕು ಜನರೆದುರು. ಯಾರು ಎಲ್ಲಿಯವರೆಗೆ ಬರಬಹುದು ಅನ್ನುವುದನ್ನು ಆ ಕಟಕಟೆ ಹೇಳುತ್ತದೆ. ಗರ್ಭಗುಡಿಯ ಹೊಸ್ತಿಲ ಹಾಗೆ. ಬ್ರಿಟನ್ನಿನಲ್ಲಿ ಇಂಥ ಕಟಕಟೆ ಈಗ ಉಳಿದಿರುವುದು ಪೊವಿಸ್‌ನಲ್ಲಿ ಮಾತ್ರ. ಕೋಣೆ ಅಷ್ಟೇನೂ ದೊಡ್ಡದಲ್ಲ. ಕೋಟೆಯ ಗೋಡೆ ಎಷ್ಟು ಬಿಟ್ಟಿತೋ ಅಷ್ಟೇ. ಒಂದು ಅಡ್ಡಗಂಬಿ ಇಟ್ಟು ಆ ಸಣ್ಣ ಕೋಣೆಯೊಳಗೆ ಎರಡು ಲೋಕ ಮಾಡಿದ್ದಾರೆ. ಜಾಗ ಇಲ್ಲದವನ ಜಾಣತನ ಅಂದರೆ ಇದು.

ಇದೇ ಹೊತ್ತಿಗೆ ವೇಲ್ಸ್‌ನ ದಕ್ಷಿಣದಲ್ಲಿ, ನ್ಯೂಪೋರ್ಟ್ ಹತ್ತಿರ, ಮಾರ್ಗನ್ ಮನೆತನದವರು ಟ್ರೆಡೀಗರ್ ಹೌಸ್ ಕಟ್ಟಿಸುತ್ತಿದ್ದರು. 1664ರಿಂದ 1672. ಅದರ ಮುಂಭಾಗ ಕೆಂಪು ಇಟ್ಟಿಗೆಯದು. ನಡುವೆ ಬಾಗಿಲು, ಎರಡೂ ಕಡೆ ಸಮ ಸಮವಾಗಿ ಕಿಟಕಿಗಳ ಸಾಲು. ಕನ್ನಡಿ ಇಟ್ಟ ಹಾಗೆ ಎಡ ಬಲ ಒಂದೇ. ಆ ಕಾಲದ ಸಾಹುಕಾರರಿಗೆ ಬೇಕಾಗಿದ್ದದ್ದು ಅಂಥ ಮನೆ. ಪೊವಿಸ್‌ನವರಿಗೂ ಅದೇ ಆಸೆ ಇದ್ದಿರಬೇಕು. ಆದರೆ ಅವರ ಕೈಯಲ್ಲಿದ್ದದ್ದು ಓರೆಕೋರೆ ಬಂಡೆ, ಉರುಟು ಬುರುಜು, ಇಕ್ಕಟ್ಟಿನ ಅಂಗಳ. ಅವರು ಕೋಟೆ ಬಿಟ್ಟು ಕೊಡಲಿಲ್ಲ. ಹಳೆ ಗೋಡೆಗೆ ಒಂದು ಬೆಲೆ ಇತ್ತು. ನಿನ್ನೆ ಮೊನ್ನೆ ಬಂದವರಲ್ಲ ಅಂತ ಅದು ಊರಿಗೆಲ್ಲ ಹೇಳುತ್ತಿತ್ತು.

ಹಾಗಾಗಿ ಮತ್ತೆ ಬಣ್ಣ. 1670ರ ದಶಕದಲ್ಲಿ ದೊಡ್ಡ ಮೆಟ್ಟಿಲು ಮಾಡಿಸಿದರು. ಅಗಲವಾದ ಮರದ ಮೆಟ್ಟಿಲು, ದಪ್ಪ ಕೈಗಂಬಿ. ಅದರ ಚಾವಣಿಯ ಚಿತ್ರ ಆಂಟೋನಿಯೊ ವೆರಿಯೊ ಎಂಬ ಇಟಲಿಯವನದು. ವಿಂಡ್ಸರ್ ಅರಮನೆಗೂ ಚಿತ್ರ ಬರೆದವನು. ಗೋಡೆಗಳ ಚಿತ್ರ ಅವನ ಕೈಕೆಳಗೆ ಪಳಗಿದ ಜೆರಾರ್ಡ್ ಲಾನ್ಸ್‌ಕ್ರೂನ್‌ನದು, 1705ರದು. ಅಲ್ಲಿ ನಿಂತಾಗ ಗೋಡೆಯೇ ಕಾಣುವುದಿಲ್ಲ. ದೇವತೆಗಳು, ಮೋಡ, ಆಕಾಶ. ಕಲ್ಲಿನಲ್ಲಿ ಕಿಟಕಿ ತೆಗೆಯಲಾಗದ ಕಡೆ ಬಣ್ಣದಲ್ಲಿ ಬಯಲು ತೆಗೆದಿದ್ದಾರೆ. ನೀವು ಮೆಟ್ಟಿಲು ಹತ್ತುವಾಗ ಕೋಟೆಯೊಳಗಿದ್ದೇವೆ ಅನ್ನುವುದು ಮರೆತೇ ಹೋಗಿರಬೇಕು. ಅದನ್ನೇ ಅವರು ಬಯಸಿದ್ದು.

ಈಗ ತೋಟ. ಇದನ್ನು ಕಟ್ಟಡದಿಂದ ಬೇರೆ ಅಂತ ನೋಡಬೇಡಿ. ನನ್ನ ಲೆಕ್ಕದಲ್ಲಿ ಪೊವಿಸ್‌ನ ಅತಿ ದೊಡ್ಡ 'ಕೋಣೆಗಳು' ಇರುವುದು ಹೊರಗೆ. ಮನೆಯೊಳಗೆ ಸಮ ಸಮ ಮಾಡಲಾಗದ್ದನ್ನು, ಅಗಲ ಮಾಡಲಾಗದ್ದನ್ನು ಹೊರಗೆ ಮಾಡಿದರು. ಕೋಟೆಯ ಬುಡದ ಇಳಿಜಾರು ಬಂಡೆಯನ್ನು ಕಡಿದು, ಒಂದರ ಕೆಳಗೊಂದು ಉದ್ದುದ್ದ ಜಗಲಿ ಮಾಡಿದರು. ಕೆಲಸ 1680ರ ದಶಕದಲ್ಲಿ ಶುರುವಾಯಿತು. ಇಲ್ಲೂ ವಿಂಡ್ ಹೆಸರೇ ಕೇಳಿಬರುತ್ತದೆ. ಇಟಲಿ, ಫ್ರಾನ್ಸಿನ ತೋಟಗಳ ಮಾದರಿ.

ನಡುವೆ ಕೆಲಸ ನಿಂತಿತು. ಹರ್ಬರ್ಟರು ಕ್ಯಾಥೊಲಿಕ್ ಮತದವರು, ರಾಜ ಎರಡನೇ ಜೇಮ್ಸ್‌ಗೆ ತೀರಾ ಹತ್ತಿರದವರು. 1688ರಲ್ಲಿ ಜೇಮ್ಸ್ ಸಿಂಹಾಸನ ಬಿಟ್ಟು ಫ್ರಾನ್ಸಿಗೆ ಓಡಿದಾಗ ಪೊವಿಸ್‌ನ ದಂಪತಿಯೂ ಮನೆ ಬಿಟ್ಟು ಹೋದರು. ಮನೆಯೊಡತಿ ಲೇಡಿ ಪೊವಿಸ್ ರಾಜನ ಕೂಸನ್ನು ನೋಡಿಕೊಳ್ಳುವ ಹೊಣೆ ಹೊತ್ತವಳು. ರಾಣಿ ಮತ್ತು ಆ ಕೂಸಿನ ಜೊತೆಗೇ ಕಡಲು ದಾಟಿದಳು. ಗಂಡ ಅಲ್ಲೇ ಫ್ರಾನ್ಸಿನಲ್ಲಿ 1696ರಲ್ಲಿ ತೀರಿಕೊಂಡ. ತಾನು ಶುರು ಮಾಡಿದ ಜಗಲಿಗಳು ಮುಗಿದದ್ದನ್ನು ಅವನು ನೋಡಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಮಗ ಮರಳಿ ಬಂದ ಮೇಲೆ ಮಿಕ್ಕ ಕೆಲಸ ಆಯಿತು.

ಜಗಲಿಯ ಗೋಡೆಗಳು ಇಟ್ಟಿಗೆಯವು, ಗಮನಿಸಿದಿರಾ? ಇಟ್ಟಿಗೆ ಹಗಲೆಲ್ಲ ಬಿಸಿಲು ಕುಡಿದು, ಸಂಜೆ ನಿಧಾನವಾಗಿ ಬಿಸಿ ಬಿಡುತ್ತದೆ. ವೇಲ್ಸ್‌ನ ಚಳಿಯಲ್ಲಿ ಸೊಗಸಾದ ಗಿಡ ಬೆಳೆಸಬೇಕಾದರೆ ಬೆನ್ನಿಗೆ ಅಂಥ ಗೋಡೆ ಬೇಕು. ಒಂದು ಜಗಲಿಯ ಒಡಲಲ್ಲೇ ಕಮಾನು ಕಮಾನಾಗಿ ಹಕ್ಕಿ ಸಾಕುವ ಮನೆ, ಅದರ ಕೆಳಗಿನದರಲ್ಲಿ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಇಡುವ ಮನೆ. ಮೇಲಿನ ಜಗಲಿಗೆ ಕಾಲಿಟ್ಟವರು ಕೆಳಗಿನ ಮನೆಯ ಮಾಡಿನ ಮೇಲೆ ನಿಂತಿರುತ್ತಾರೆ. ಕಟಕಟೆಯ ಮೇಲೆ ನಿಂತ ಕುರಿಗಾಹಿ ಹೆಣ್ಣು ಗಂಡುಗಳ ಬೊಂಬೆಗಳು ಸೀಸದವು. ವಾನ್ ನಾಸ್ಟ್ ಎಂಬ ಶಿಲ್ಪಿಯ ಕಾರ್ಯಾಗಾರದವು.

ಆಮೇಲೆ ಆ ಯೂ ಮರಗಳು. ಬುಡಬುಡಕೆಯ ಹಾಗೆ, ಗುಡ್ಡದ ಹಾಗೆ ಊದಿಕೊಂಡು ಗೋಡೆಯ ಮೇಲಿನಿಂದ ಜಾರುತ್ತಿರುವ ಹಾಗೆ ಕಾಣುತ್ತವಲ್ಲ, ಅವೇ. ನೆಟ್ಟಾಗ ಅವು ಚೂಪಾಗಿ ಕತ್ತರಿಸಿದ ಪುಟ್ಟ ಗಿಡಗಳು, ಸಾಲಾಗಿ ಅಚ್ಚುಕಟ್ಟಾಗಿ. 300 ವರ್ಷ ಆಯಿತು. ಗಿಡ ಮರವಾಯಿತು, ಮರ ಗುಡ್ಡವಾಯಿತು. ಈಗಲೂ ವರ್ಷ ವರ್ಷ ತೋಟಗಾರರು ಎತ್ತರದ ಯಂತ್ರ ಹತ್ತಿ ಅದನ್ನು ಕತ್ತರಿಸುತ್ತಾರೆ. ಬೇಸಿಗೆಯ ಕೊನೆಗೆ ಶುರುವಾದ ಕೆಲಸ ವಾರಗಟ್ಟಲೆ ನಡೆಯುತ್ತದೆ.

ಇಂಥ ಜಗಲಿ ತೋಟ ಬ್ರಿಟನ್ನಿನಲ್ಲಿ ಉಳಿದದ್ದು ಅಪರೂಪ. 18ನೇ ಶತಮಾನದಲ್ಲಿ ಅಲ್ಲಿ ಹೊಸ ಹುಚ್ಚು ಬಂತು. ಕತ್ತರಿಸಿದ ಗಿಡ ಬೇಡ, ನೇರ ಗೆರೆ ಬೇಡ, ಎಲ್ಲ ಸಹಜ ಹುಲ್ಲುಗಾವಲಿನ ಹಾಗೆ ಇರಲಿ ಅಂತ. ಎಷ್ಟೋ ಮನೆಗಳ ಹಳೆ ತೋಟ ಆಗ ಮಣ್ಣಾಯಿತು. ಪೊವಿಸ್‌ನಲ್ಲೂ ವಿಲಿಯಂ ಈಮ್ಸ್ ಎಂಬ ತೋಟಶಿಲ್ಪಿ ಬಂದು ಸುತ್ತಲಿನ ಪಾರ್ಕ್ ತಿದ್ದಿದ. ಆದರೆ ಜಗಲಿಗಳು ಹಾಗೇ ಉಳಿದವು. ಆ ಶತಮಾನದಲ್ಲಿ ಮನೆತನ ಸಾಲದಲ್ಲಿತ್ತು, ಎಷ್ಟೋ ಕಾಲ ಬೇರೆ ಮನೆಯಲ್ಲಿತ್ತು. ಬಂಡೆಯಲ್ಲಿ ಕಡಿದದ್ದನ್ನು ಅಳಿಸಬೇಕಾದರೂ ದೊಡ್ಡ ದುಡ್ಡೇ ಬೇಕು. ಹಣ ಇಲ್ಲದೆ ಉಳಿದ ಚೆಲುವು ಜಗತ್ತಿನಲ್ಲಿ ತುಂಬಾ ಇದೆ. ನನ್ನ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಳೆ ಮನೆಗೆ ಬಡತನಕ್ಕಿಂತ ಅವಸರದ ಸಿರಿ ಜಾಸ್ತಿ ಅಪಾಯ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಟಿಪ್ಪುವಿನ ವಸ್ತುಗಳು ಇರುವುದು ಹಳೆ ಕೋಟೆಯ ಒಡಲಲ್ಲಲ್ಲ. ಹೊರ ಅಂಗಳದ ಬದಿಯ ಸಾಲು ಕಟ್ಟಡದಲ್ಲಿ. 1770ರ ದಶಕದಲ್ಲಿ ಅಲ್ಲಿ ಕುಣಿತದ ಕೂಟಗಳಿಗೆ ಅಂತ ಒಂದು ಬಾಲ್‌ರೂಮ್ ಮಾಡಿದರು. ಮಾಡಿದವನು ಥಾಮಸ್ ಫಾರ್ನಲ್ಸ್ ಪ್ರಿಚರ್ಡ್. ಹತ್ತಿರದ ಶ್ರಾಪ್‌ಶೈರ್‌ನಲ್ಲಿ ಸೆವರ್ನ್ ನದಿಗೆ ಹಾಕಿದ ಜಗತ್ತಿನ ಮೊದಲ ದೊಡ್ಡ ಕಬ್ಬಿಣದ ಸೇತುವೆಗೆ ನಕ್ಷೆ ಹಾಕಿದವನೂ ಇವನೇ. ಆ ಸಾಲಿನ ಒಂದು ಭಾಗದಲ್ಲಿ 1987ರಲ್ಲಿ ಕ್ಲೈವ್ ಮ್ಯೂಸಿಯಂ ಮಾಡಿದರು. ಅಂದರೆ ನೀವು ನೋಡಿದ ಆ ಕೋಣೆಯ ಸಜ್ಜು ಇಡೀ ಮನೆಯಲ್ಲೇ ಹೊಸದು.

ಕ್ಲೈವ್ ಹೆಸರು ಇಲ್ಲಿಗೆ ಬಂದದ್ದು ಮದುವೆಯಿಂದ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ 1784ರಲ್ಲಿ ಪೊವಿಸ್‌ನ ಹೆನ್ರಿಯೆಟಾ ಹರ್ಬರ್ಟಳನ್ನು ಮದುವೆಯಾದ. ಅವಳ ಕಡೆ ಕುಲ ಮತ್ತು ಕೋಟೆ, ಇವನ ಕಡೆ ಬಂಗಾಳದಲ್ಲಿ ದೋಚಿ ತಂದ ಹಣ. ಎಡ್ವರ್ಡ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದು ಅದೇ ಅವಧಿಯಲ್ಲಿ. ಟಿಪ್ಪುವಿನ ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿದರು. ಅದರ ಕಟಕಟೆಯ ಮೇಲೆ ಎಂಟು ಪುಟ್ಟ ಚಿನ್ನದ ಹುಲಿತಲೆಗಳಿದ್ದವು. ನೀವು ನೋಡಿದ್ದು ಅವುಗಳಲ್ಲೊಂದು. ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಹೆನ್ರಿಯೆಟಾಗೆ ಉಡುಗೊರೆ ಕೊಟ್ಟ. ಮುಂಭಾಗದ ದೊಡ್ಡ ಹುಲಿತಲೆ ಮತ್ತು ಮೇಲಿದ್ದ ಹುಮಾ ಎಂಬ ಕಲ್ಪನೆಯ ಹಕ್ಕಿಯ ಬೊಂಬೆ ವಿಂಡ್ಸರ್‌ನಲ್ಲಿವೆ. 1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿ ಬಂದಳು.

ಅವಳ ಅಣ್ಣ ಮಕ್ಕಳಿಲ್ಲದೆ 1801ರಲ್ಲಿ ತೀರಿಕೊಂಡ. ಕೋಟೆ ಕ್ಲೈವರ ಕಡೆಗೆ ಬಂತು. 1804ರಲ್ಲಿ ಎಡ್ವರ್ಡ್ ಪೊವಿಸ್‌ನ ಅರ್ಲ್ ಆದ. ಕಟ್ಟಡಕ್ಕೆ ಇದರಿಂದ ಏನಾಯಿತು ಅಂದರೆ, ಬಹಳ ಕಾಲ ಅಸಡ್ಡೆಯಲ್ಲಿದ್ದ ಕೋಟೆಗೆ ದುರಸ್ತಿಯ ದುಡ್ಡು ಸಿಕ್ಕಿತು. ಮುಂದೆ ಬ್ರಿಟಿಷ್ ಮ್ಯೂಸಿಯಂನ ದೊಡ್ಡ ಕಟ್ಟಡಕ್ಕೆ ಹೆಸರಾದ ರಾಬರ್ಟ್ ಸ್ಮರ್ಕ್ 1815ರಿಂದ ಕೆಲವು ವರ್ಷ ಇಲ್ಲಿ ಕೆಲಸ ಮಾಡಿದ. ಒಬ್ಬ ಕನ್ನಡಿಗನಾಗಿ ಆ ಗೋಡೆಗಳನ್ನು ನೋಡುವಾಗ ನನ್ನ ಎದೆ ಭಾರವಾಗುತ್ತದೆ. ಆ ಮಾಡು ಬಿಗಿಯಾಗಿ ನಿಂತದ್ದರಲ್ಲಿ ನಮ್ಮ ನೆಲದ ದುಡ್ಡೂ ಇದೆ. ಗಾರೆ ಕೆಲಸದವನನ್ನು ಮೆಚ್ಚುವುದಕ್ಕೆ ಇದು ಅಡ್ಡಿಯಲ್ಲ. ಆದರೆ ಕಟ್ಟಡದ ಚರಿತ್ರೆ ಹೇಳುವಾಗ ಹಣ ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟು ಹೇಳಿದರೆ ಅದು ಅರ್ಧ ಚರಿತ್ರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಇಡೀ ಮನೆಯಲ್ಲಿ ತೀರಾ ಹಳೆಯದು ಅಂತ ಅನ್ನಿಸುವ ಕೋಣೆಗಳು ಡೈನಿಂಗ್ ರೂಮ್ ಮತ್ತು ಓಕ್ ಡ್ರಾಯಿಂಗ್ ರೂಮ್. ಕಪ್ಪು ಓಕ್ ಹಲಗೆ, ಗಾರೆಯ ಚಾವಣಿ, ಕಲ್ಲಿನ ಸರಳು ಹಾಕಿದ ಕಿಟಕಿ. ಎಲಿಜಬೆತ್ ರಾಣಿಯ ಕಾಲದ್ದೇ ಅಂತ ಆಣೆ ಮಾಡಿ ಹೇಳಬೇಕು ಅನ್ನಿಸುತ್ತದೆ. ಅದು ಆದದ್ದು 1902ರಿಂದ 1904ರ ನಡುವೆ. ನಾಲ್ಕನೇ ಅರ್ಲ್‌ಗಾಗಿ ಜಿ. ಎಫ್. ಬಾಡ್ಲಿ ಎಂಬ ವಾಸ್ತುಶಿಲ್ಪಿ ಮಾಡಿದ್ದು. ಚರ್ಚುಗಳನ್ನು ಕಟ್ಟಿ ಕೈ ಪಳಗಿದವನು. ನಡುವೆ ಸೇರಿಕೊಂಡಿದ್ದ ಜಾರುಕಿಟಕಿಗಳನ್ನು ತೆಗೆದು, ಹಳೆ ಶೈಲಿಯ ಕಿಟಕಿ ಕೂರಿಸಿದ. ಅದಕ್ಕೇ ಮೊದಲೇ ಹೇಳಿದೆ, ಕಿಟಕಿಯ ಚೌಕಟ್ಟು ನಂಬಬೇಡಿ, ಆಳ ನಂಬಿ ಅಂತ. ಬಾಡ್ಲಿಯ ಕೆಲಸ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತುಂಬಾ ಗೌರವದಿಂದ, ನುರಿತ ಕೆಲಸಗಾರರಿಂದ ಮಾಡಿಸಿದ್ದು. ಆದರೆ ಲಾಂಗ್ ಗ್ಯಾಲರಿಯ ಗಾರೆಯನ್ನೂ ಡೈನಿಂಗ್ ರೂಮಿನ ಗಾರೆಯನ್ನೂ ಒಂದಾದ ಮೇಲೊಂದು ನೋಡಿ. 1593ರ ಗಾರೆಯಲ್ಲಿ ಅಂಚುಗಳು ಸ್ವಲ್ಪ ಮೆತ್ತಗೆ, ಗೆರೆ ಅಲ್ಲಲ್ಲಿ ತುಸು ಓಲಾಡುತ್ತದೆ. ಬಾಡ್ಲಿಯದರಲ್ಲಿ ಎಲ್ಲವೂ ಅಳತೆಗೋಲಿಗೆ ಸಿಕ್ಕ ಹಾಗೆ. 300 ವರ್ಷದ ಅಂತರ ಆ ಒಂದು ಗೆರೆಯಲ್ಲಿ ಕಾಣುತ್ತದೆ.

ಅದೇ ಅರ್ಲ್‌ನ ಹೆಂಡತಿ ವಯೊಲೆಟ್ ತೋಟಕ್ಕೆ ಮರುಜೀವ ಕೊಟ್ಟವಳು. ಅವರ ಹಿರಿಯ ಮಗ ಮೊದಲ ಮಹಾಯುದ್ಧದಲ್ಲಿ, ಕಿರಿಯವನು ಎರಡನೆಯದರಲ್ಲಿ ತೀರಿಕೊಂಡರು. 1952ರಲ್ಲಿ ಅರ್ಲ್ ಸತ್ತಾಗ ಉಯಿಲಿನ ಪ್ರಕಾರ ಮನೆ, ತೋಟ ನ್ಯಾಷನಲ್ ಟ್ರಸ್ಟ್ ಕೈಗೆ ಬಂದವು. ಅದು ಅಲ್ಲಿನ ಹಳೆ ಮನೆ, ತೋಟಗಳನ್ನು ಕಾಪಾಡುವ ಸಂಸ್ಥೆ.

ಮತ್ತೆ ಹೋದರೆ ಮ್ಯೂಸಿಯಂನಲ್ಲಿ ಹುಲಿತಲೆಯ ಮುಂದೆಯೇ ನಿಂತುಬಿಡಬೇಡಿ. ಅಲ್ಲೇ ಟಿಪ್ಪುವಿನ ಗುಡಾರವೂ ಇದೆ. ಬಿಳಿ ಹತ್ತಿ ಬಟ್ಟೆ, ಪ್ರತಿ ಅಂಕಣಕ್ಕೂ ಒಂದು ಕಮಾನು, ಕಮಾನಿನೊಳಗೆ ಹೂದಾನಿ, ಅದರ ತುಂಬಾ ಕೆಂಪು ಹೂ. ಹರ್ಬರ್ಟರ ಲಾಂಗ್ ಗ್ಯಾಲರಿಯಲ್ಲಿ ಬಣ್ಣ ಹಚ್ಚಿ ಮರದ ಗೋಡೆ ಮಾಡಿದ ಹಾಗೆ, ಇಲ್ಲಿ ಬಟ್ಟೆಗೆ ಬಣ್ಣ ಹಚ್ಚಿ ಕಮಾನು ಸಾಲಿನ ಮಂಟಪ ಮಾಡಿದ್ದಾರೆ. ಕ್ಲೈವರ ಮನೆಯವರು ಅದನ್ನು ತೋಟದ ಕೂಟಗಳಿಗೆ ಹುಲ್ಲಿನ ಮೇಲೆ ಹಾಕುತ್ತಿದ್ದರು. ಅದರ ಹತ್ತಿರ ಹೋಗಿ, ಕಮಾನಿನ ಅಂಚಿನ ಬಣ್ಣ ನೋಡಿ.